ಮಗಳಿಗೊಂದು ಪತ್ರ: ಕೈ ಫೋನಿಗೆ ಹೋಗುವ ಮುನ್ನ

ಪ್ರೀತಿಯ ಪುಟ್ಟಿಗೆ,

ಮೊನ್ನೆ ಮಾತು ಮುಗಿಸುವಾಗ ನೀನು, "ಇದು ಚಟ ಅಲ್ಲಮ್ಮ, ಅಗತ್ಯ. ಫೋನ್ ಇಲ್ಲದೆ ನಮ್ಮ ಒಂದು ದಿನವೂ ನಡೆಯಲ್ಲ" ಅಂದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ದೊಡ್ಡವರೆಲ್ಲ ಹಾಡಿದ್ದೇ ಹಾಡುತ್ತಾರೆ ಎಂಬ ಬೇಸರವಿತ್ತು. ಆ ಹಾಡನ್ನೇ ಮತ್ತೆ ಹಾಡಲು ಈ ಕಾಗದ ಬರೆಯುತ್ತಿಲ್ಲ. ನಿನ್ನ ಮಾತಿನಲ್ಲಿ ನಿಜವಿದೆ. ಆ ನಿಜ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದಾಚೆಗೆ ಬರುವುದಿಲ್ಲ ಎನ್ನುವುದನ್ನು ನಿನ್ನ ಜೊತೆ ಸಮಾಧಾನವಾಗಿ ಯೋಚಿಸಬೇಕೆನಿಸಿತು, ಅಷ್ಟೆ.

ಅಗತ್ಯ ಎನ್ನುವುದನ್ನು ನಾನು ಅರೆಮನಸ್ಸಿನಿಂದ ಒಪ್ಪುತ್ತಿಲ್ಲ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರಿಗೆ ಕಣ್ಣು ಕಾಣಿಸುವುದಿಲ್ಲ, ನಿನಗೆ ಗೊತ್ತಲ್ಲ. ಅವರು ಫೋನ್ ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಪರದೆ ಪೂರ್ತಿ ಕಪ್ಪು. ಬೆರಳು ಅದರ ಮೇಲೆ ಸರಿಯುತ್ತಿದ್ದಂತೆ, ಕೆಳಗೆ ಏನಿದೆ ಎಂದು ಫೋನ್ ಹೇಳುತ್ತಾ ಹೋಗುತ್ತದೆ. ಎಷ್ಟು ವೇಗವಾಗಿ ಎಂದರೆ ನನಗೆ ಒಂದಕ್ಷರವೂ ತಿಳಿಯುವುದಿಲ್ಲ, ಅವರಿಗೆ ಎಲ್ಲವೂ ತಿಳಿಯುತ್ತದೆ. ಮಾತ್ರೆಯ ಪಟ್ಟಿಯನ್ನು ಕ್ಯಾಮೆರಾದ ಮುಂದೆ ಹಿಡಿದರೆ ಹೆಸರನ್ನೂ ಅವಧಿ ಮುಗಿಯುವ ತಿಂಗಳನ್ನೂ ಓದಿ ಹೇಳುತ್ತದೆ. ಪರದೆ ಓದಿ ಹೇಳುವ ಸೌಲಭ್ಯ 2009ರ ಹೊತ್ತಿಗೆ ಸ್ಮಾರ್ಟ್‌ಫೋನ್‌ಗಳ ಒಳಗೇ ಬಂತು. ಅದಕ್ಕೆ ಮೊದಲು ತಮಗೆ ಬಂದ ಕಾಗದದಲ್ಲಿ ಏನಿದೆ ಎಂದು ತಿಳಿಯಲು ಅವರು ಇನ್ನೊಬ್ಬರ ಬಿಡುವನ್ನು ಕಾಯಬೇಕಿತ್ತು. ಸಕ್ಕರೆ ಕಾಯಿಲೆಯಿರುವ ಮಕ್ಕಳ ತೋಳಿಗೆ ಅಂಟಿಸುವ ಪುಟ್ಟ ಸೆನ್ಸರ್ ಕೂಡ ಹಾಗೇ. ರಾತ್ರಿಯಿಡೀ ಅದು ಅಮ್ಮನ ಫೋನಿಗೆ ಸಂಖ್ಯೆ ಕಳಿಸುತ್ತಿರುತ್ತದೆ, ಸಕ್ಕರೆ ಕುಸಿದರೆ ಎಬ್ಬಿಸುತ್ತದೆ. ಅಂಥ ತಾಯಿಗೆ "ಫೋನ್ ದೂರ ಇಡು" ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಇನ್ನು ನಿನ್ನ ತರಗತಿಯ ನೋಟ್ಸ್, ಬ್ಯಾಂಕು, ಟಿಕೆಟ್, ಒಟಿಪಿ, ದಾರಿ ತೋರಿಸುವ ನಕ್ಷೆ. ಇವನ್ನೆಲ್ಲ ಫೋನಿನೊಳಗೆ ಹಾಕಿದವಳು ನೀನಲ್ಲ. ಮೊದಲ ಐಫೋನ್ ಬಂದದ್ದು 2007ರಲ್ಲಿ, ಆ್ಯಪ್‌ಗಳ ಅಂಗಡಿ ತೆರೆದದ್ದು ಮರುವರ್ಷ. ಅಲ್ಲಿಂದ ಎರಡು ದಶಕ ಕಳೆಯುವುದರೊಳಗೆ ಕಚೇರಿಗಳ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿ ಫೋನಿನ ಪರದೆಗೆ ಬಂದವು. ನೀನು ಬುದ್ಧಿ ತಿಳಿಯುವ ಹೊತ್ತಿಗೆ ಲೋಕ ಹೀಗೇ ಇತ್ತು. ಆದ್ದರಿಂದ "ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ, ನಾವು ಬದುಕಲಿಲ್ಲವೇ" ಎಂದು ನಿನಗೆ ಹೇಳುವವರ ಮಾತು ನನಗೂ ಸರಿ ಕಾಣುವುದಿಲ್ಲ. ಆ ಕಾಲದಲ್ಲಿ ಇವೆಲ್ಲ ಇಲ್ಲದೆಯೂ ಕೆಲಸ ಆಗುತ್ತಿತ್ತು, ಈಗ ಆಗುವುದಿಲ್ಲ.

ಇಷ್ಟಕ್ಕೇ ಮುಗಿಯುವುದಾಗಿದ್ದರೆ ಈ ಕಾಗದವೇ ಬೇಕಿರಲಿಲ್ಲ.

ಕಳೆದ ರಜೆ ಮುಗಿಸಿ ನೀನು ಹೊರಡುವ ದಿನ ನೆನಪಿದೆಯಾ? ರೈಲು ಸರಿಯಾದ ಸಮಯಕ್ಕೆ ಬರುತ್ತದಾ ನೋಡು ಎಂದು ನಾನು ಅಂದೆ. ನೀನು ಫೋನ್ ಕೈಗೆತ್ತಿಕೊಂಡೆ. ಮೇಲೆ ಯಾರದೋ ಮೆಸೇಜ್ ಬಂದಿತ್ತು, ಅದನ್ನು ತೆರೆದೆ. ಅದರಲ್ಲೊಂದು ವಿಡಿಯೋ. ಅದರ ಕೆಳಗೆ ಇನ್ನೊಂದು. ನಾನು ಬ್ಯಾಗಿನ ಜಿಪ್ ಎಳೆಯುತ್ತಾ ನಿನ್ನ ಮುಖವನ್ನೇ ನೋಡುತ್ತಿದ್ದೆ. ನಗು ಇರಲಿಲ್ಲ, ಕುತೂಹಲವೂ ಇರಲಿಲ್ಲ, ಹೆಬ್ಬೆರಳು ಮಾತ್ರ ಮೇಲಕ್ಕೆ ಮೇಲಕ್ಕೆ ಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ನಾನು "ರೈಲು?" ಅಂದಾಗ ನೀನು, "ಅಯ್ಯೋ, ನೋಡಲೇ ಇಲ್ಲ" ಅಂದೆ. ನಿನ್ನನ್ನು ನಾಚಿಸಲು ಹೇಳುತ್ತಿಲ್ಲ ಮಗಳೇ, ಯಾರ ಮನೆಯಲ್ಲಾದರೂ ನಡೆಯುವುದೇ ಇದು. ಫೋನನ್ನು ನೀನು ಎತ್ತಿಕೊಂಡದ್ದು ನಿಜವಾದ ಅಗತ್ಯಕ್ಕೆ. ಆ ಅಗತ್ಯ ಮಾತ್ರ ಪೂರೈಸಲಿಲ್ಲ. ಆಮೇಲೆ ನೋಡಿದ್ದು ನಿನಗೆ ಬೇಕಾಗಿಯೂ ಇರಲಿಲ್ಲ, ಅದರಿಂದ ಖುಷಿಯೂ ಆದಂತೆ ಕಾಣಲಿಲ್ಲ.

ನನ್ನನ್ನು ಕಾಡುವುದು ಇದೇ. ಅಗತ್ಯ ಒಂದು ಕಡೆ, ಚಟ ಇನ್ನೊಂದು ಕಡೆ ಎಂದು ಬೇರೆ ಬೇರೆ ಇದ್ದಿದ್ದರೆ ಆರಿಸಿಕೊಳ್ಳುವುದು ಸುಲಭವಿತ್ತು. ಕುಡಿತ ಬಿಡುವವನು ಬಾಟಲಿಯನ್ನು ಮನೆಯಿಂದಾಚೆ ಎಸೆಯಬಹುದು. ಫೋನಿನ ಕಷ್ಟವೋ, ಊಟದ ಮೇಲೆ ಹಿಡಿತ ತಪ್ಪಿದವನ ಕಷ್ಟದಂಥದ್ದು. ಬಿಡುವ ಹಾಗೇ ಇಲ್ಲ, ದಿನಕ್ಕೆ ಹಲವು ಸಲ ಅದರ ಮುಂದೆ ಕೂರಲೇಬೇಕು, ಪ್ರತಿ ಸಲವೂ ಸಾಕು ಎಂದು ಎದ್ದು ಬರಬೇಕು. ಎತ್ತಿಕೊಳ್ಳಲು ಯಾವಾಗಲೂ ಒಂದು ನ್ಯಾಯವಾದ ಕಾರಣ ಇದ್ದೇ ಇರುತ್ತದೆ. ಎಳೆತ ಒಳಗೆ ಬರುವುದು ಆ ಕಾರಣದ ಬೆನ್ನ ಹಿಂದೆಯೇ.

ಆ ಎಳೆತ ತಾನಾಗಿ ಹುಟ್ಟಿದ್ದಲ್ಲ. ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು ಎಂಬ ಆಸೆ ನನಗೆ, ಯಾಕೆಂದರೆ ತಿಳಿದ ಮೇಲೆ ನಿನ್ನನ್ನು ನೀನೇ ಬೈದುಕೊಳ್ಳುವುದು ಕಡಿಮೆಯಾಗುತ್ತದೆ. ಹಿಂದೆ ವೆಬ್ ಪುಟಗಳ ಕೆಳಗೆ 1, 2, 3 ಎಂದು ಸಂಖ್ಯೆಗಳಿರುತ್ತಿದ್ದವು. ಪುಟ ಮುಗಿಯುತ್ತಿತ್ತು, ಮುಂದಿನದು ಬೇಕಾದರೆ ಒತ್ತಬೇಕಿತ್ತು. ಆ ಒಂದು ಗಳಿಗೆಯಲ್ಲಿ ಮನಸ್ಸು "ಬೇಕಾ?" ಎಂದು ಕೇಳಿಕೊಳ್ಳುತ್ತಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದ. ಓದುವವರಿಗೆ ಒತ್ತುವ ಶ್ರಮ ಉಳಿಯಲಿ ಎಂಬುದು ಅವನ ಉದ್ದೇಶ. ಮುಂದೆ ಅದು ಏನಾಯಿತೆಂದು ಕಂಡು ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಉಳಿಯಿತು ಅಂದುಕೊಂಡ ಆ ಶ್ರಮವೇ ನಮ್ಮನ್ನು ಕಾಯುತ್ತಿದ್ದ ತಡೆಯಾಗಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ಹಳೆಯದು. ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪೆಟ್ಟಿಗೆಯಲ್ಲಿ ಪಾರಿವಾಳಗಳನ್ನಿಟ್ಟು ಪರೀಕ್ಷೆ ಮಾಡಿದ್ದ. ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಇಷ್ಟು ಸಲ ಕುಕ್ಕಿದರೆ ಇಷ್ಟು ಕಾಳು ಎಂಬ ಲೆಕ್ಕವಿದ್ದಾಗ ಹಕ್ಕಿ ಕಾಳು ಸಿಕ್ಕ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿತ್ತು. ಯಾವ ಸಲ ಬೀಳುತ್ತದೋ ಗೊತ್ತಿಲ್ಲದಂತೆ ಮಾಡಿದಾಗ ಬಿಡುವಿಲ್ಲದೆ ಕುಕ್ಕತೊಡಗಿತು. ಕಾಳು ಬೀಳುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಅವನು ಇದನ್ನೆಲ್ಲ 1957ರಲ್ಲಿ ವಿವರವಾಗಿ ಪ್ರಕಟಿಸಿದ. ಜೂಜಿನ ಯಂತ್ರಗಳು ನಡೆಯುವುದು ಈ ತತ್ವದ ಮೇಲೆಯೇ. ಈಗ ಪರದೆಯನ್ನು ಕೆಳಕ್ಕೆ ಎಳೆದು ಬಿಟ್ಟಾಗ ಒಂದು ಪುಟ್ಟ ಚಕ್ರ ತಿರುಗಿ ಹೊಸದೇನಾದರೂ ಬರುತ್ತದಲ್ಲ, ಅದನ್ನು ನೆನೆಸಿಕೋ. ಕೆಲವು ಸಲ ಏನೂ ಇರುವುದಿಲ್ಲ, ಕೆಲವು ಸಲ ನಿನ್ನ ಚಿತ್ರಕ್ಕೆ ಹತ್ತಾರು ಲೈಕ್ ಬಂದಿರುತ್ತದೆ. ಫೇಸ್‌ಬುಕ್ ಆ ಲೈಕ್ ಗುಂಡಿಯನ್ನು ಇಟ್ಟದ್ದು 2009ರಲ್ಲಿ. ಬಹುಪಾಲು ಸಲ ಏನೂ ಸಿಗದಿರುವುದೇ ನಮ್ಮನ್ನು ಮತ್ತೆ ಮತ್ತೆ ಎಳೆಯುತ್ತದೆ.

ಮಿದುಳಿನ ಕಡೆಯಿಂದ ನೋಡಿದರೂ ಇದೇ ಕಾಣುತ್ತದೆ. ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ಸುಖದ ರಸ ಎಂದು ಎಲ್ಲರೂ ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳಿಗೆ ದೀಪ ತೋರಿಸಿ ಹಣ್ಣಿನ ರಸದ ಹನಿ ಕೊಡುತ್ತಿದ್ದರು. ಮೊದಮೊದಲು ರಸ ಸಿಕ್ಕಾಗ ಡೋಪಮಿನ್ ನರಕೋಶಗಳು ಚುರುಕಾಗುತ್ತಿದ್ದವು. ಅಭ್ಯಾಸವಾದ ಮೇಲೆ ಚುರುಕಾಗುತ್ತಿದ್ದದ್ದು ದೀಪ ಹತ್ತಿದಾಗಲೇ, ರಸ ಬಂದಾಗ ಏನೂ ಇಲ್ಲ. ಅಂದರೆ ಸಿಕ್ಕಾಗಿನ ತೃಪ್ತಿಗಿಂತ ಸಿಗಬಹುದು ಎಂಬ ಸೂಚನೆಗೇ ಅವು ಮಿಡಿಯುತ್ತಿದ್ದವು. ಅವರ ತಂಡ 2003ರಲ್ಲಿ ಇನ್ನೊಂದು ವಿಷಯ ತೋರಿಸಿತು: ಸಿಗುವ ಸಂಭವ ಅರ್ಧಕ್ಕರ್ಧ ಇದ್ದಾಗ, ಸೂಚನೆ ಕಂಡ ಮೇಲೆ ಕಾಯುವ ಹೊತ್ತಿನಲ್ಲಿ ಆ ಕೋಶಗಳ ಚಟುವಟಿಕೆ ಎಲ್ಲಕ್ಕಿಂತ ಹೆಚ್ಚು. ಫೋನಿನ ಮೂಲೆಯಲ್ಲಿ ಹತ್ತುವ ಕೆಂಪು ಚುಕ್ಕೆ ನಮ್ಮ ಪಾಲಿನ ದೀಪ. ಒಳಗೆ ಏನಿದೆಯೆಂದು ಗೊತ್ತಿಲ್ಲದಿರುವುದೇ ಅದರ ಬಲ. ರೈಲಿನ ದಿನ ನಿನ್ನ ಮುಖದಲ್ಲಿ ಖುಷಿ ಯಾಕಿರಲಿಲ್ಲ ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಹಾಗಾದರೆ ಚಟ ಅಂದುಬಿಡೋಣವೇ? ಅಲ್ಲೂ ನಾನು ಜಾಗ್ರತೆಯಿಂದಲೇ ಇರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಅಸ್ವಸ್ಥತೆ ಇದೆ, ಸ್ಮಾರ್ಟ್‌ಫೋನ್ ಚಟ ಎಂಬ ಹೆಸರಿನ ರೋಗ ಇಲ್ಲ. ಗೇಮಿಂಗ್‌ಗೆ ಅವರು ಇಟ್ಟ ಅಳತೆಗಳನ್ನು ನೋಡು: ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುತ್ತಾ ಹೋಗಿರಬೇಕು, ಬದುಕು ಕೆಡುತ್ತಿರುವುದು ಕಂಡರೂ ನಿಲ್ಲಿಸಲಾಗದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ನಡೆದಿರಬೇಕು. ಎಷ್ಟು ಗಂಟೆ ಆಡಿದ ಎಂಬ ಲೆಕ್ಕವೇ ಅಲ್ಲಿಲ್ಲ. ಅದು ನನಗೆ ಮೆಚ್ಚುಗೆಯಾಯಿತು. ನಿನ್ನ ಫೋನ್ ವಾರಕ್ಕೊಮ್ಮೆ "ದಿನಕ್ಕೆ ಇಷ್ಟು ಗಂಟೆ" ಎಂದು ತೋರಿಸುತ್ತದಲ್ಲ, ಆ ಸಂಖ್ಯೆ ಹಿಡಿದು ನಿನ್ನ ಮೇಲೆ ನಾನು ಎಂದೂ ರೇಗುವುದಿಲ್ಲ. ಅದರಲ್ಲಿ ನೀನು ಗೆಳತಿಯ ಜೊತೆ ಕೂತು ಲೆಕ್ಕ ಬಿಡಿಸಿದ ಗಂಟೆಯೂ ಇದೆ, ಅಜ್ಜನಿಗೆ ವಿಡಿಯೋ ಕರೆ ಮಾಡಿದ ಗಂಟೆಯೂ ಇದೆ.

ಚಟ ಎಂಬ ಬೈಗುಳವನ್ನು ಮಕ್ಕಳ ಮೇಲೆ ಸುಮ್ಮಸುಮ್ಮನೆ ಎಸೆಯುವುದು ನನಗೆ ಇಷ್ಟವಿಲ್ಲ. ನಿಜವಾಗಿ ಹಿಡಿತ ತಪ್ಪಿದವರಿಗೆ ಸಹಾಯ ಬೇಕು, ವೈದ್ಯರು ಬೇಕು. ನಮ್ಮಂಥ ಉಳಿದವರದು ಅಷ್ಟು ದೊಡ್ಡ ರೋಗವಲ್ಲ. ಹಾಗಂತ ಏನೂ ಆಗಿಲ್ಲ ಎಂದೂ ಅಲ್ಲ.

ನಾನು ಬಳಸುವ ಅಳತೆ ಬೇರೆ. ಅಗತ್ಯಕ್ಕೊಂದು ಕೊನೆಯಿರುತ್ತದೆ. ಟಿಕೆಟ್ ಸಿಕ್ಕಿತು, ದಾರಿ ಗೊತ್ತಾಯಿತು, ಅಜ್ಜನ ಜೊತೆ ಮಾತಾಯಿತು, ಫೋನ್ ಕೆಳಗಿಟ್ಟಾಯಿತು. ಮಧ್ಯೆ ಯಾರೂ ಬಿಡಿಸಬೇಕಾಗಿಲ್ಲ. ಇನ್ನೊಂದು ಬಗೆಯದು ಮುಗಿಯುವುದೇ ಇಲ್ಲ. ನಿದ್ದೆ ಬಂದೋ, ಚಾರ್ಜ್ ಹೋಗಿಯೋ, ಯಾರಾದರೂ ಕೂಗಿಯೋ ನಿಲ್ಲುತ್ತದೆ. ನಿಂತಾಗ ಕೈಯಲ್ಲಿ ಏನೂ ಇರುವುದಿಲ್ಲ, ಏನು ನೋಡಿದೆ ಎಂದರೆ ನೆನಪೂ ಆಗುವುದಿಲ್ಲ.

ಮತ್ತೆ, ಅದು ಶುರುವಾಗುವ ಗಳಿಗೆ. ಸಮಯ ಹಾಳಾಯಿತು ಎನ್ನುವುದಕ್ಕಿಂತ ನನಗೆ ಹೆಚ್ಚು ಚಿಂತೆ ಇದರದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮುಂದಿನ ಸಲ ಕೈ ತಾನಾಗಿ ಫೋನಿಗೆ ಹೋದಾಗ, ಅದಕ್ಕೆ ಅರೆಕ್ಷಣ ಮುಂಚೆ ಒಳಗೆ ಏನಾಗುತ್ತಿತ್ತು ಎಂದು ಗಮನಿಸು. ಬಹಳ ಸಲ ಅಲ್ಲೊಂದು ಸಣ್ಣ ಇರಿತ ಇರುತ್ತದೆ. ಪುಸ್ತಕದಲ್ಲಿ ಅರ್ಥವಾಗದ ಸಾಲು ಬಂತು. ಗೆಳತಿಯರೆಲ್ಲ ನಗುತ್ತಿರುವಾಗ ನಿನಗೆ ಆ ಮಾತು ಗೊತ್ತಿರಲಿಲ್ಲ. ಗುರುತಿಲ್ಲದ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಫಲಿತಾಂಶ ಬಂದಿತ್ತು, ಅಂದುಕೊಂಡಷ್ಟು ಬಂದಿರಲಿಲ್ಲ. ಕಳೆದ ವರ್ಷ ಆ ಫಲಿತಾಂಶದ ದಿನ ನೀನು ರಾತ್ರಿಯೆಲ್ಲ ಫೋನ್ ನೋಡುತ್ತಾ ಮಲಗಿದ್ದೆ. ನಾನು ಬಾಗಿಲಲ್ಲಿ ನಿಂತಾಗ "ಏನಿಲ್ಲಮ್ಮ, ಸುಮ್ನೆ" ಅಂದೆ. ಅಳು ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಿದ್ದರೂ ಅದಕ್ಕೆ ಜಾಗ ಸಿಕ್ಕಂತೆ ಕಾಣಲಿಲ್ಲ.

ದುಃಖಕ್ಕೆ, ಒಂಟಿತನಕ್ಕೆ, ಬೇಜಾರಿಗೆ ಅವುಗಳದ್ದೇ ಆದ ನಡಿಗೆ ಇದೆ. ಬರುತ್ತವೆ, ಸ್ವಲ್ಪ ಹೊತ್ತು ಕೂರುತ್ತವೆ, ಹೋಗುತ್ತವೆ. ಹೋಗುವಾಗ ಏನೋ ಒಂದನ್ನು ತಿಳಿಸಿ ಹೋಗುತ್ತವೆ: ಯಾವ ಗೆಳತಿಯನ್ನು ಕಂಡರೆ ನಿಜಕ್ಕೂ ಹಿಡಿಸುವುದಿಲ್ಲ, ಯಾವ ವಿಷಯ ಓದುವುದು ಬೇಕಿರಲಿಲ್ಲ, ಯಾರನ್ನು ಕ್ಷಮೆ ಕೇಳಬೇಕು. ಅವು ಬಾಗಿಲಿಗೆ ಬಂದ ಕೂಡಲೇ ಪರದೆ ಹಿಡಿದರೆ ಅವು ಹೋಗುವುದೂ ಇಲ್ಲ, ಹೇಳುವುದೂ ಇಲ್ಲ, ಹೊರಗೇ ಕಾಯುತ್ತಾ ಕೂರುತ್ತವೆ. ಇಪ್ಪತ್ತರ ಹರೆಯದಲ್ಲಿ ನಿನಗೆ ನಿನ್ನ ಬಗ್ಗೆ ಗೊತ್ತಾಗಬೇಕಾದ ಎಷ್ಟೋ ಸಂಗತಿಗಳು ಇಂಥ ಕೆಲಸವಿಲ್ಲದ, ಕೈಯಲ್ಲೇನೂ ಇಲ್ಲದ ಹೊತ್ತಿನಲ್ಲೇ ಗೊತ್ತಾಗುವುದು. ಆ ಹೊತ್ತುಗಳು ನಿನ್ನಿಂದ ಒಂದೊಂದಾಗಿ ಸರಿದು ಹೋಗುತ್ತಿರುವುದು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೀನು ಚಿಕ್ಕವಳಿದ್ದಾಗ "ಬೇಜಾರು, ಬೇಜಾರು" ಎಂದು ನೆಲದ ಮೇಲೆ ಉರುಳಾಡುತ್ತಿದ್ದೆ. ಯಾರೂ ಏನೂ ಕೊಡದಿದ್ದರೆ ಸ್ವಲ್ಪ ಹೊತ್ತಿಗೆ ಎದ್ದು ಹಳೆಯ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆಯುತ್ತಿದ್ದೆ. ಇಲ್ಲದ ಊರುಗಳು, ಅವುಗಳ ನದಿಗಳು, ಸೇತುವೆಗಳು, ಪ್ರತಿ ಊರಿಗೂ ನೀನೇ ಇಟ್ಟ ಹೆಸರು. ಈಗ ನೀನು ಓದುತ್ತಿರುವ ವಿಷಯದ ಬೀಜ ಅಲ್ಲೇ ಇತ್ತೇನೋ ಎಂದು ನನಗೆ ಅನಿಸುತ್ತದೆ.

ಗಮನದ ಬಗ್ಗೆಯೂ ಒಂದು ಮಾತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ, ಜನ ಒಂದು ಪರದೆಯ ಮೇಲೆ ಎಷ್ಟು ಹೊತ್ತು ಗಮನವಿಡುತ್ತಾರೆ ಎಂದು ವರ್ಷಗಟ್ಟಲೆ ಅಳೆದವರು. 2004ರಲ್ಲಿ ಸುಮಾರು ಎರಡೂವರೆ ನಿಮಿಷ ಇದ್ದದ್ದು ಮುಂದಿನ ವರ್ಷಗಳಲ್ಲಿ ಸರಾಸರಿ 47 ಸೆಕೆಂಡಿಗೆ ಇಳಿಯಿತು. ಕೆಲಸದ ನಡುವಿನ ಅಡ್ಡಿಗಳಲ್ಲಿ ಹೊರಗಿನಿಂದ ಬಂದವು ಎಷ್ಟೋ, ಸುಮಾರು ಅಷ್ಟೇ ಅಡ್ಡಿ ನಮಗೆ ನಾವೇ ಮಾಡಿಕೊಳ್ಳುವುದು ಎಂಬುದೂ ಅವರ ಅಧ್ಯಯನಗಳಲ್ಲಿ ಕಂಡದ್ದು. ಎಲ್ಲ ಸದ್ದುಗಳನ್ನೂ ಆರಿಸಿದ ಮೇಲೂ ಕೈ ಯಾಕೆ ಹೋಗುತ್ತದೆ ಎಂದು ನೀನೇ ಒಮ್ಮೆ ಕೇಳಿದ್ದೆಯಲ್ಲ. ಫೋನ್ ಮೇಜಿನ ಮೇಲಿದ್ದರೆ ಸಾಕು, ಮುಟ್ಟದಿದ್ದರೂ ಬುದ್ಧಿ ಮಂಕಾಗುತ್ತದೆ ಎಂದು 2017ರಲ್ಲಿ ಒಂದು ಅಧ್ಯಯನ ಬಂದು ಬಹಳ ಸುದ್ದಿಯಾಯಿತು. ಅದನ್ನೇ ಮತ್ತೆ ಮಾಡಿ ನೋಡಿದ ಕೆಲವರಿಗೆ ಅಂಥ ಫಲಿತಾಂಶ ಸಿಗಲಿಲ್ಲ. ಹಾಗಾಗಿ ಅದನ್ನು ಹಿಡಿದು ನಿನ್ನನ್ನು ಹೆದರಿಸುವುದಿಲ್ಲ. ಓದುವಾಗ ಒಂದು ವಾರ ಬೇರೆ ಕೋಣೆಯಲ್ಲಿ ಇಟ್ಟು ನೋಡು, ನಿನಗೆ ಏನಾಯಿತೋ ಅದು ನಿನ್ನ ಉತ್ತರ.

ಫೋನ್ ಬಿಡು ಎಂದು ನಾನು ಕೇಳುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೋ ಎಂದೂ ಹೇಳುವುದಿಲ್ಲ. ನೂರಾರು ಜಾಣರು ಕೂತು ರೂಪಿಸಿದ್ದರ ಎದುರು ಒಬ್ಬಳ ಮನೋಬಲ ದಿನವಿಡೀ ನಿಲ್ಲಬೇಕು ಎನ್ನುವುದು ನ್ಯಾಯವಲ್ಲ. ತೆಗೆದುಹಾಕಿದ ತಡೆಗಳನ್ನು ವಾಪಸ್ ಇಟ್ಟುಕೊಂಡರೆ ಸಾಕು. ಸುಮ್ಮನೆ ಉರುಳಿಸುವ ಆ್ಯಪ್‌ಗಳನ್ನು ಫೋನಿನಿಂದ ತೆಗೆದು ಲ್ಯಾಪ್‌ಟಾಪಿನಲ್ಲಿ ಮಾತ್ರ ನೋಡು. ನೋಡಬೇಕಾದಾಗ ಲಾಗಿನ್ ಆಗುವ ಆ ಎರಡು ಹೆಜ್ಜೆಯಲ್ಲಿ ಎಷ್ಟೋ ಆಸೆ ಅಲ್ಲೇ ಆರಿಹೋಗುತ್ತದೆ. ಮನುಷ್ಯರು ಕಳಿಸಿದ ಮೆಸೇಜಿಗೆ ಸದ್ದು ಇರಲಿ, ಕಂಪನಿಗಳು ಕಳಿಸುವ ನೋಟಿಫಿಕೇಶನ್‌ಗಳು ಒಂದೂ ಬೇಡ. ಕೆಲಸಕ್ಕೆಂದು ಎತ್ತಿಕೊಂಡಾಗ ಆ ಕೆಲಸವನ್ನು ಬಾಯಿಬಿಟ್ಟು ಹೇಳಿಕೋ, "ರೈಲಿನ ಸಮಯ" ಅಂತ. ನೋಡುವವರಿಗೆ ವಿಚಿತ್ರ ಅನಿಸಬಹುದು, ನನ್ನ ಮಟ್ಟಿಗೆ ಇದರಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ.

ರಾತ್ರಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಪರದೆಯ ನೀಲಿ ಬೆಳಕಿನ ಬಗ್ಗೆ ಬಹಳ ಬರೆಯುತ್ತಾರೆ, ಆದರೆ ನಿದ್ದೆಯನ್ನು ಹೆಚ್ಚು ತಿನ್ನುವುದು "ಇನ್ನೊಂದೇ ಒಂದು" ಎಂದು ಮಲಗುವ ಹೊತ್ತನ್ನು ಮುಂದೆ ತಳ್ಳುವುದು ಎಂದು ನನ್ನ ಅಭಿಪ್ರಾಯ. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ತಮ್ಮ ಪೈಪೋಟಿ ನಿದ್ದೆಯ ಜೊತೆ ಎಂದು ಹೇಳಿದ್ದರು. ಅವರು ಅಷ್ಟು ನೇರವಾಗಿ ಹೇಳಿದ ಮೇಲೆ ನಾವೂ ನಿದ್ದೆಯ ಪರವಾಗಿ ನಿಲ್ಲಬೇಕಲ್ಲ. ಒಂದು ಅಲಾರಂ ಗಡಿಯಾರ ಕಳಿಸುತ್ತಿದ್ದೇನೆ. ಅಲಾರಂಗಾಗಿ ಫೋನ್ ದಿಂಬಿನ ಪಕ್ಕ ಬೇಕು ಎಂಬ ಕಾರಣ ಅಲ್ಲಿಗೆ ಮುಗಿಯಿತು. ಚಾರ್ಜರನ್ನು ಹಾಸಿಗೆಯಿಂದ ಎದ್ದು ನಡೆದು ಹೋಗಬೇಕಾದಷ್ಟು ದೂರ ಇಡು.

"ಅಮ್ಮನಿಗೆ ಏನಾದರೂ ಆದರೆ, ಅಜ್ಜನಿಗೆ ಏನಾದರೂ ಆದರೆ" ಎಂಬ ಹೆದರಿಕೆಯಿಂದ ನೀನು ರಾತ್ರಿ ಸದ್ದು ಆರಿಸುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೊಂದು ದಾರಿ ಇದೆ. 'ಡೂ ನಾಟ್ ಡಿಸ್ಟರ್ಬ್' ಸೆಟ್ಟಿಂಗಿನಲ್ಲಿ ಮತ್ತೆ ಮತ್ತೆ ಮಾಡುವ ಕರೆಗಳಿಗೆ ಅನುಮತಿ ಎಂಬುದೊಂದಿರುತ್ತದೆ, ಅದನ್ನು ಆನ್ ಮಾಡು. ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕರೆ ಬಂದರೆ ಫೋನ್ ರಿಂಗಾಗುತ್ತದೆ. ಸುಮ್ಮನೆ ಮಾತಾಡಬೇಕೆನಿಸಿದರೆ ನಾನು ಒಂದೇ ಸಲ ಮಾಡುತ್ತೇನೆ, ಅದು ಬೆಳಿಗ್ಗೆ ಕಂಡರೆ ಸಾಕು. ನಿಜಕ್ಕೂ ನೀನು ಬೇಕಾದಾಗ ಕೂಡಲೇ ಎರಡನೇ ಸಲ ಮಾಡುತ್ತೇನೆ. ನನ್ನ ಫೋನಿನಲ್ಲೂ ಹಾಗೇ ಇಟ್ಟಿದ್ದೇನೆ, ಯಾವ ಹೊತ್ತಿನಲ್ಲಾದರೂ ಎರಡು ಸಲ ಮಾಡು. ಸೆಟ್ಟಿಂಗ್ ಸಿಗದಿದ್ದರೆ ಭಾನುವಾರ ಕರೆ ಮಾಡಿದಾಗ ಹೇಳು, ಇಬ್ಬರೂ ಸೇರಿ ಹುಡುಕೋಣ.

ಪ್ರೀತಿಯಿಂದ,
ನಿನ್ನ ಅಮ್ಮ